ಆಸ್ಟ್ರೇಲಿಯಾಕ್ಕೆ ಎಡಗಡೆಯಿಂದ ಹೋಗಿ

ರಿಟೈರಾದ ಮೇಲೆ ಮನುಷ್ಯನಿಗೆ ತಾಪತ್ರಯ ಕಡಿಮೆಯಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಸ್ವಂತದ್ದು ಕಡಿಮೆಯಾದರೆ ಬೇರೆಯವರದ್ದು ವಿಳಾಸ ವಿಚಾರಿಸಿಕೊಂಡು ಮನೆಗೆ ಬರುತ್ತದೆ. ನನಗೆ ಅದರಿಂದ ಬೇಸರವೇನಿಲ್ಲ. ನಿಜ ಹೇಳಬೇಕೆಂದರೆ ಬಾಗಿಲು ತೆರೆದಿಟ್ಟುಕೊಂಡೇ ಕೂತಿರುತ್ತೇನೆ.

ನಾನು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನಲ್ಲಿ ಕಾರಿನ ಬ್ರೇಕು ಡಿಸೈನ್ ಮಾಡಿ ಮಾಡಿ ತಲೆ ನರೆಸಿಕೊಂಡವನು. ಮಗಳು ಮೆಲ್ಬರ್ನಿನಲ್ಲಿದ್ದಾಳೆ. ಅವಳ ಮನೆಯಲ್ಲಿ ಒಂದು ಬೇಸಿಗೆ, ಅಂದರೆ ಅವರ ಚಳಿಗಾಲ, ಕಳೆದು ಬಂದೆ. ಅಷ್ಟಕ್ಕೇ ಇಲ್ಲಿನ ಕನ್ನಡದವರ ನಡುವೆ ಆಸ್ಟ್ರೇಲಿಯಾ ತಜ್ಞನಾಗಿಬಿಟ್ಟೆ. ಯಾರಾದರೂ ಆ ಕಡೆ ಹೊರಟರೆ ಸಾಕು, "ಅಂಕಲ್‌ನ ಕೇಳಿ, ಅವರಿಗೆಲ್ಲ ಗೊತ್ತು" ಅನ್ನುತ್ತಾರೆ. "ಮೊಮ್ಮಗನ ಪಾರ್ಕು ಬಿಟ್ಟು ಇವರು ಅಲ್ಲಿ ಏನೂ ನೋಡಿಲ್ಲ" ಎಂದು ನಮ್ಮಾಕೆ ನನ್ನೆದುರಿಗೇ ಹೇಳುತ್ತಾಳೆ. ಜನ ನಂಬುವುದಿಲ್ಲ. ದೇವರು ದೊಡ್ಡವನು.

೧. ಒಂದು ಸಣ್ಣ 'ಯೆಸ್'

ಚಳಿ ಇನ್ನೂ ಬಿಟ್ಟಿರಲಿಲ್ಲ, ಒಂದು ಭಾನುವಾರ ಮೈಸೂರಿನ ಕಡೆಯ ಗಂಡ ಹೆಂಡತಿ ಬಂದರು. ಹುಡುಗ ಕಾರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಮಾಡಿಕೊಂಡಿದ್ದವನು, ಕೆಲಸ ಹೋಗಿತ್ತು. ಕೆಲಸದ ಹಿಂದೆಯೇ ವೀಸಾದ ಗಡುವೂ ಓಡುತ್ತಿತ್ತು. ಹುಡುಗಿ ನರ್ಸು. ಅವಳಿಗೆ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿ ಕೆಲಸ ಸಿಕ್ಕಿತ್ತು: ಕಾರು ಓಡಿಸಿಕೊಂಡು ಮನೆಮನೆಗೆ ಹೋಗಿ ವಯಸ್ಸಾದ ರೋಗಿಗಳನ್ನು ನೋಡಿಕೊಳ್ಳುವುದು.

ನಾನು ಖುಷಿಯಿಂದ ಶುರು ಮಾಡಿದೆ. ಇಳಿದ ತಕ್ಷಣ ಟ್ಯಾಕ್ಸ್ ನಂಬರಿಗೆ ಅಪ್ಲೈ ಮಾಡಿ. ಬಾಡಿಗೆ ಮನೆ ಬೇಕಾದರೆ ಇಲ್ಲಿನ ಓನರ್ ಹತ್ತಿರ ಒಳ್ಳೆ ಮಾತು ಬರೆಸಿಕೊಂಡು ಹೋಗಿ. ಶೂಗೆ ಮೆತ್ತಿದ ಮಣ್ಣು ತೊಳೆಯಿರಿ, ಏರ್‌ಪೋರ್ಟಿನಲ್ಲಿ ಅಟ್ಟೆ ತಿರುಗಿಸಿ ನೋಡುತ್ತಾರೆ. ತಿನ್ನುವ ಸಾಮಾನು ಏನಿದ್ದರೂ ಮುಚ್ಚಿಡದೆ ಹೇಳಿ. ಹುಡುಗ ತಲೆಯಾಡಿಸುತ್ತಿದ್ದ. ಹುಡುಗಿ ಮಾತ್ರ ಕಾಫಿ ಮುಟ್ಟದೆ ಕೂತಿದ್ದಳು.

"ಯಾಕಮ್ಮ, ಸಕ್ಕರೆ ಸಾಲದಾ?"

"ಅಂಕಲ್, ಇಂಟರ್‌ವ್ಯೂನಲ್ಲಿ 'ಡ್ರೈವಿಂಗ್ ಅಭ್ಯಾಸ ಇದೆಯಾ' ಅಂದ್ರು. ಯೆಸ್ ಅಂದ್ಬಿಟ್ಟೆ. ಅಲ್ಲಿಗೆ ಹೋದ ಮೊದಲ್ನೇ ವಾರದಲ್ಲೇ ಮ್ಯಾನೇಜರ್ ಪಕ್ಕದಲ್ಲಿ ಕೂತು ಟೆಸ್ಟ್ ಮಾಡ್ತಾರಂತೆ. ಅವರು ಬೇಡ ಅಂದ್ರೆ ಕೆಲಸ ಇಲ್ಲ. ಕೆಲಸ ಇಲ್ದಿದ್ರೆ ವೀಸಾನೂ ಇಲ್ಲ."

"ಅದಕ್ಕೇನಂತೆ, ನಮ್ಮ ಮೈಸೂರಿನ ಥರಾನೇ ಎಡಗಡೆ ಓಡಿಸೋದು ತಾನೆ" ಅಂದ ಗಂಡ.

"ಮೈಸೂರಲ್ಲಿ ಓಡ್ಸಿದ್ದು ನೀನು. ನಾನು ಸಿಟಿ ಬಸ್ಸಲ್ಲಿ ಓಡಾಡಿದೋಳು. ಸ್ಟೀರಿಂಗ್ ಮುಟ್ಟಿದ್ದೇ ಅಮೆರಿಕಾಕ್ಕೆ ಬಂದ್ಮೇಲೆ. ಬಲಗಡೆ ಬಿಟ್ಟು ನಂಗೆ ಇನ್ನೇನೂ ಬರಲ್ಲ." ಆಮೇಲೆ ನನ್ನ ಕಡೆ ಆಸೆಯಿಂದ ತಿರುಗಿದಳು. "ಅಂಕಲ್, ನೀವು ಅಲ್ಲಿ ದಿನಾ ಓಡಿಸ್ತಿದ್ರಲ್ವಾ?"

ಮಗಳು ನನಗೆ ಕಾರಿನ ಕೀಲಿಯನ್ನೇ ಕೊಟ್ಟಿರಲಿಲ್ಲ. ನಮ್ಮಾಕೆ ಬಾಯಿ ತೆರೆಯುವುದು ಕಂಡಿತು. ನಾನೇ ಮುಂದಾದೆ:

"ಓಡಿಸಿಲ್ಲಮ್ಮ. ಆದರೆ ತುಂಬಾ ಹತ್ತಿರದಿಂದ ನೋಡಿದೀನಿ."

೨. ಓಕ್ ಬ್ರೂಕ್‌ವರೆಗೆ ತಟ್ಟೆ

ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ಅಮೆರಿಕಾದ ಪ್ಯಾಸೆಂಜರ್ ಸೀಟೇ ಆಸ್ಟ್ರೇಲಿಯಾದ ಡ್ರೈವರ್ ಸೀಟು! ಕೊರತೆ ಒಂದು ಸ್ಟೀರಿಂಗ್ ಮಾತ್ರ. ಅದಕ್ಕೆ ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆ ಸಾಕು.

ಆ ಶನಿವಾರ ಶಿಕಾಗೋ ಕಡೆ ಓಕ್ ಬ್ರೂಕ್‌ನಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆ ಗೃಹಪ್ರವೇಶ. ಗಂಡ ಹೆಂಡತಿಯನ್ನೂ ಹೊರಡಿಸಿದೆ. ನಾನು ಎಡಗಡೆ ನಿಜವಾದ ಸ್ಟೀರಿಂಗ್ ಹಿಡಿದು ಕೂತೆ, ಬಲಗಡೆ ಅವಳು ತಟ್ಟೆ ಹಿಡಿದು ಕೂತಳು. ನಮ್ಮಾಕೆಯೂ ಹುಡುಗನೂ ಹಿಂದೆ.

"ಗಾಡಿಯೆಲ್ಲ ನಿನ್ನ ಎಡಕ್ಕಿದೆ. ಅದು ಎಷ್ಟಗಲ ಅನ್ನೋದು ಮೈಗೆ ಹತ್ತಬೇಕು" ಎಂದು ಪಾಠ ಹೇಳಿದೆ.

ಹುಡುಗಿ ಶ್ರದ್ಧೆಯವಳು. ನಾನು ಲೇನ್ ಬದಲಿಸಿದರೆ ತಟ್ಟೆಯೂ ತಿರುಗುವುದು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಕಿಟಕಿ ಇಳಿಸಿ ನೋಡಿದರೂ ಅವಳ ಕಣ್ಣು ರಸ್ತೆಯ ಮೇಲೇ. ಇಂಡಿಯಾನಾ ದಾಟುವ ಹೊತ್ತಿಗೆ ಮನೆಯಷ್ಟೆತ್ತರದ ಟ್ರಕ್ಕೊಂದು ಬಲಗಡೆಯಿಂದ ನಮ್ಮ ಲೇನಿಗೇ ವಾಲಿತು. "ಅಯ್ಯೋ!" ಎಂದು ಕಿರುಚಿ ಅವಳು ತಟ್ಟೆಯನ್ನು ಪೂರ್ತಿ ತಿರುಗಿಸಿ, ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ತುಳಿದಳು. ಅವಳು ಕಿರುಚಿದ್ದಕ್ಕೆ ಬೆದರಿ ನಾನು ಇದ್ದ ಬ್ರೇಕು ತುಳಿದೆ. ಹಿಂದಿನ ಕಾರಿನವರ ಹಾರ್ನು ಎದೆಯೊಳಗೇ ಹೊಡೆದಂತಾಯಿತು. ನಮ್ಮಾಕೆಯ ಕೈಯ ಫ್ಲಾಸ್ಕಿನ ಕಾಫಿ ಹುಡುಗನ ತೊಡೆಗೆ ಬಿತ್ತು. ಇಡೀ ಜನ್ಮ ಬ್ರೇಕು ಡಿಸೈನ್ ಮಾಡಿದ್ದೇನೆ, ಇಲ್ಲದ ಬ್ರೇಕಿಗೆ ಕಾರು ನಿಂತದ್ದನ್ನು ನೋಡಿದ್ದು ಅದೇ ಮೊದಲು.

ಓಕ್ ಬ್ರೂಕ್ ತಲುಪಿದಾಗ ಹುಡುಗಿ ಇನ್ನೂ ಗಾಡಿ ಓಡಿಸುವ ಗುಂಗಿನಲ್ಲೇ ಇದ್ದಳು. ತಟ್ಟೆ ಹಿಡಿದೇ ಇಳಿದಳು. ಬಾಗಿಲಲ್ಲಿ ನಿಂತ ಮನೆಯೊಡತಿಯ ಮುಖ ಕಪ್ಪಿಟ್ಟಿತು. "ಯಾಕಮ್ಮ, ನಮ್ಮನೇಲಿ ತಟ್ಟೆ ಇರಲ್ಲ ಅಂದ್ಕೊಂಡ್ರಾ?"

ನಮ್ಮಾಕೆ ಸಮಾಧಾನ ಮಾಡಲು ಹೋದಳು. "ಅಯ್ಯೋ ಅದು ತಟ್ಟೆ ಅಲ್ಲ ಕಣ್ರೀ, ಅವಳ ಸ್ಟೀರಿಂಗು."

ಮನೆಯೊಡತಿ ಹುಡುಗಿಯನ್ನು ನೋಡಿದರು, ತಟ್ಟೆ ನೋಡಿದರು, ಕಾಫಿಯಲ್ಲಿ ನೆಂದ ಗಂಡನನ್ನು ನೋಡಿದರು. ಒಳಗೆ ಯಾರಿಗೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಪಾಪ, ಗಂಡನ ಕೆಲಸ ಹೋದ್ಮೇಲೆ ಹೀಗಾಗಿದೆಯಂತೆ."

ಅವತ್ತು ಅವಳಿಗೆ ಮಾತ್ರ ಎರಡೆರಡು ಹೋಳಿಗೆ ಬಿತ್ತು. ಬಡಿಸಿದವರು ಯಾರೂ ಅವಳ ಮುಖ ನೋಡಲಿಲ್ಲ.

೩. ಟಪಾಲು ಜೀಪು

ಇನ್ನು ತಟ್ಟೆಯಿಂದ ಆಗುವುದಿಲ್ಲ, ನಿಜವಾದ ಗಾಡಿಯೇ ಬೇಕು ಎಂದು ತೀರ್ಮಾನವಾಯಿತು. ಅಮೆರಿಕಾದಲ್ಲಿ ಬಲಗಡೆ ಸ್ಟೀರಿಂಗಿನ ಗಾಡಿ ಎಲ್ಲಿಂದ ತರುವುದು? ನಮ್ಮ ಹಿಂದಿನ ಬೀದಿಯಲ್ಲೇ ಇತ್ತು! ಅಲ್ಲೊಬ್ಬ ಅಮೆರಿಕನ್ ಮುದುಕಪ್ಪ, ಹಳ್ಳಿ ಕಡೆ ಟಪಾಲು ಹಂಚಿ ರಿಟೈರಾದವನು. ಕೂತಲ್ಲಿಂದಲೇ ರಸ್ತೆ ಬದಿಯ ಡಬ್ಬಿಗೆ ಕಾಗದ ಹಾಕಬೇಕಲ್ಲ, ಅದಕ್ಕೆ ಅವನ ಜೀಪಿಗೆ ಸ್ಟೀರಿಂಗು ಬಲಗಡೆ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕೀಲಿ ಕೊಟ್ಟ, ಇನ್ಶೂರೆನ್ಸಿನವರಿಗೂ ಹೇಳಿದ.

ಮೊದಲು ಕೂತು ಅಭ್ಯಾಸವಾಗಲಿ ಎಂದು ನಮ್ಮ ಸಬ್‌ಡಿವಿಷನ್ನಿನೊಳಗೇ, ಅಂದರೆ ನಮ್ಮ ಬಡಾವಣೆಯೊಳಗೇ, ಓಡಿಸಿದಳು. ರಸ್ತೆಯ ಬಲಭಾಗದಲ್ಲೇ, ಕಾನೂನು ಪ್ರಕಾರ, ಆಮೆಯ ವೇಗದಲ್ಲಿ. ಒಂದು ಮನೆಯ ಅಜ್ಜಿ ಕೈಯಡ್ಡ ಹಿಡಿದು ನಿಲ್ಲಿಸಿದಳು. "ಇದು ನಮ್ಮದಲ್ಲ, ಪಕ್ಕದ ಮನೆಯದು. ಇದು ಎರಡನೇ ಸಲ!" ಎಂದು ಗದರಿ ಪಾರ್ಸೆಲ್ಲೊಂದನ್ನು ಇವಳ ತೊಡೆಯ ಮೇಲಿಟ್ಟು ಹೋದಳು. ಹೆದರಿದ್ದ ಹುಡುಗಿ "ಸಾರಿ ಮೇಡಂ" ಎಂದು, ಇಳಿದು, ಪಕ್ಕದ ಮನೆಯ ಬಾಗಿಲಲ್ಲಿ ಇಟ್ಟು ಬಂದಳು.

ಅದೇ ಹೊತ್ತಿಗೆ ನಮ್ಮ ದೇವಸ್ಥಾನದ ಗುಂಪಿನ ಆಂಟಿಯೊಬ್ಬರು ವಾಕಿಂಗ್ ಬರಬೇಕೇ! ಕೈಬೀಸಿ ಹೋದರು. ನಾವು ಮನೆ ಸೇರುವಷ್ಟರಲ್ಲಿ ಸುದ್ದಿ ಮೈಸೂರು ಮುಟ್ಟಿತ್ತು. ಹುಡುಗಿಯ ಫೋನು ಬಡಿದುಕೊಂಡಿತು, ಅವಳ ತಾಯಿ ಅಳುತ್ತಿದ್ದರು.

"ನರ್ಸಿಂಗ್ ಓದ್ಸಿದ್ದು ಇದಕ್ಕೇನೇ? ಮನೆಮನೆಗೆ ಟಪಾಲು ಹಂಚ್ತಿದೀಯಂತೆ! ಆಸ್ಟ್ರೇಲಿಯಾ ಏನಾಯ್ತೇ?"

"ಅಮ್ಮಾ, ಹಾಗಲ್ಲ…"

ಅಷ್ಟರಲ್ಲಿ ತಂದೆ ಫೋನು ಕಸಿದುಕೊಂಡರು. ದನಿಯಲ್ಲಿ ಅಳುವಿರಲಿಲ್ಲ, ಹುರುಪಿತ್ತು.

"ಅವಳ ಮಾತು ಬಿಡು. ಪೋಸ್ಟಾಫೀಸು ಅಂದ್ರೆ ಅಲ್ಲಿ ಕೇಂದ್ರ ಸರ್ಕಾರದ್ದೇ ತಾನೆ? ಪೆನ್ಶನ್ ಇದೆಯಾ?"

೪. ದೇವರು ಯಾವ ಕೈಗೆ?

ಎಡಗಡೆ ಓಡಿಸುವುದನ್ನು ರಸ್ತೆಯಲ್ಲಿ ಕಲಿಸುವಂತಿಲ್ಲ. ಬಾಗಿಲು ಮುಚ್ಚಿದ ಒಂದು ದೊಡ್ಡ ಅಂಗಡಿಯ ಖಾಲಿ ಪಾರ್ಕಿಂಗ್ ಜಾಗಕ್ಕೆ, ಅದರ ಉಸ್ತುವಾರಿಯವನನ್ನು ಕೇಳಿಕೊಂಡು, ಜೀಪು ತಂದೆವು. ನೇರ ಓಡಿಸುವುದು ಬಂತು. ತಿರುವೂ ಬಂತು. ದುಂಡನೆ ಸರ್ಕಲ್ಲು ಮಾತ್ರ ಬರಲಿಲ್ಲ. ನಡುವೆ ನನ್ನ ಹಳೆಯ ಟೈರೊಂದನ್ನಿಟ್ಟು ಸುತ್ತು ಅಂದರೆ, ಪ್ರತಿ ಸಲವೂ ಅಮೆರಿಕಾದ ಹಾಗೆ ಬಲಕ್ಕೆ ನುಗ್ಗುವಳು. ಅದೇ ಅಲ್ಲಿನ ರಸ್ತೆಯಾದರೆ ಎದುರು ಬರುವ ಲಾರಿಗೆ ಮುಖಾಮುಖಿ.

ವಿಮಾನಕ್ಕೆ ಒಂದು ವಾರವಿತ್ತು. ಏಳನೆಯದೋ ಎಂಟನೆಯದೋ ಸಲ ತಪ್ಪಿದಾಗ ಅವಳು ಜೀಪು ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟಳು.

"ಮನೆ ಖಾಲಿ ಮಾಡಾಯ್ತು, ಸೋಫಾ ಮಾರಾಯ್ತು ಅಂಕಲ್. ಅಲ್ಲಿ ಆ ಮ್ಯಾನೇಜರ್ ಮೇಡಂ ಆಗಲ್ಲ ಅಂದ್ಬಿಟ್ರೆ ನಾವು ಎಲ್ಲಿಗೆ ಹೋಗೋದು?"

ಗಂಡ ದೂರದಲ್ಲಿ ಜೇಬಿಗೆ ಕೈಯಿಟ್ಟು ನೆಲ ನೋಡುತ್ತ ನಿಂತಿದ್ದ. ಆಗ ನಮ್ಮಾಕೆ, ಜೀಪಿನ ಹಿಂದೆಯೇ ತಂದಿದ್ದ ನಮ್ಮ ಕಾರಿನಿಂದ ಇಳಿದು, "ರೀ, ಆ ದರಿದ್ರ ಟೈರು ಆಚೆ ತೆಗೀರಿ" ಅಂದಳು. ಹಬ್ಬಕ್ಕೆಂದು ತಂದ ರಂಗೋಲಿ ಪುಡಿ ಡಿಕ್ಕಿಯಲ್ಲೇ ಇತ್ತು. ಟೈರಿದ್ದ ಜಾಗದಲ್ಲಿ ದೊಡ್ಡದೊಂದು ಕಮಲ ಬಿಡಿಸಿದಳು. ಆಮೇಲೆ ಜೀಪಿನ ಕಿಟಕಿಗೆ ಬಂದು ಹುಡುಗಿಯ ಕಣ್ಣೊರೆಸಿದಳು.

"ನೋಡು ಪುಟ್ಟ, ಅದು ಟೈರಲ್ಲ, ಗರ್ಭಗುಡಿ. ಪ್ರದಕ್ಷಿಣೆ ಬರುವಾಗ ದೇವರು ಯಾವ ಕೈಗಿರ್ತಾನೆ?"

"ಬಲಗೈಗೆ ಆಂಟಿ."

"ಹಾಗಾದ್ರೆ ಒಂದು ಸುತ್ತು ಬಾ."

ಜೀಪು ಹೊರಟಿತು. ಎಡಕ್ಕೆ ವಾಲಿತು, ಕಮಲವನ್ನು ಬಲಗೈಗಿಟ್ಟುಕೊಂಡು ಸುತ್ತಿತು. ಇನ್ನೊಂದು ಸುತ್ತು, ಮತ್ತೊಂದು. ಒಂದು ಎಸಳೂ ಅಳಿಸಲಿಲ್ಲ. ಅಮೆರಿಕಾದ ಸರ್ಕಲ್ಲುಗಳೆಲ್ಲ ಅಪ್ರದಕ್ಷಿಣೆ, ಆಸ್ಟ್ರೇಲಿಯಾದ್ದೇ ಶಾಸ್ತ್ರೋಕ್ತ ಅನ್ನುವುದು ಇಷ್ಟು ವರ್ಷ ಇಂಜಿನಿಯರಾದ ನನಗೆ ಹೊಳೆದೇ ಇರಲಿಲ್ಲ!

ಖುಷಿಯಲ್ಲಿ ಗಂಡನೂ ಮುಂದೆ ಬಂದ. "ಕೊಡು, ನಾನೊಂದು ರೌಂಡ್ ಹಾಕ್ತೀನಿ. ನಂಗಿದೆಲ್ಲ ಹಳೇ ಅಭ್ಯಾಸ." ಹತ್ತಿದ, ಗೇರ್ ಹಾಕಿದ, ಸರ್ಕಲ್ಲನ್ನು ಬಳಸದೆ ಕಮಲದ ನಡುಮಧ್ಯದಿಂದ ನೆಟ್ಟಗೆ ಹೋದ.

ನಮ್ಮಾಕೆ ಸೊಂಟದ ಮೇಲೆ ಕೈಯಿಟ್ಟಳು. "ಮೈಸೂರಲ್ಲಿ ಓಡ್ಸಿದೋನು ಅಂದಿದ್ದು ನಿಜವೇ ಕಣಪ್ಪ. ಯಾರಿಗೂ ಸುಳ್ಳು ಅನ್ನೋಕಾಗಲ್ಲ."

೫. ಟೆಸ್ಟು

ಅವರು ಹೋದರು. ಟೆಸ್ಟಿನ ದಿನ ಬಂತು. ಅವರಿಗೆ ಬೆಳಿಗ್ಗೆಯಾದರೆ ನಮಗೆ ಹಿಂದಿನ ದಿನದ ಸಂಜೆ. ಮನೆಯಲ್ಲಿ ಕೂತು ಕಾಯಲಾರದೆ ನಾನೂ ನಮ್ಮಾಕೆಯೂ ತರಕಾರಿಗೆ ಹೋಗಿ ವಾಪಸ್ ಬರುತ್ತಿದ್ದೆವು. ನಮ್ಮ ಸಬ್‌ಡಿವಿಷನ್ ಹತ್ತಿರ ಬಂದಾಗ ಫೋನು ಬಂತು. ನಮ್ಮಾಕೆ ಸ್ಪೀಕರಿಗೆ ಹಾಕಿದಳು.

"ಆಂಟಿ, ಈಗ ಮುಗೀತು."

"ಏನಾಯ್ತು? ಪಾಸೋ ಫೇಲೋ?" ನಾನು ಕೂಗಿದೆ.

"ಹೇಳ್ತೀನಿ ಇರಿ ಅಂಕಲ್, ಮೊದಲಿಂದ ಹೇಳ್ತೀನಿ. ಆ ಮೇಡಂ ಮುಖ ಗಂಟಿಕ್ಕಿಕೊಂಡು ಪಕ್ಕದಲ್ಲಿ ಕೂತ್ರು. ಇಂಡಿಕೇಟರ್ ಹಾಕೋಕೆ ಹೋಗಿ ವೈಪರ್ ಹಾಕ್ಬಿಟ್ಟೆ!"

"ಅಯ್ಯೋ!" ಅಂದೆ. ನಮ್ಮ ಕಾರಿನ ವೈಪರ್ ಒಣ ಗಾಜನ್ನು ಕಿರಕಿರ ಉಜ್ಜತೊಡಗಿತು.

"ರೀ, ಮಳೆ ಎಲ್ಲಿದೆ?" ಅಂದಳು ನಮ್ಮಾಕೆ.

"ಸುಮ್ನಿರೇ. ಆಮೇಲೆ?"

"ಆಮೇಲೆ ಸರ್ಕಲ್ ಬಂತು ಅಂಕಲ್. ಆ ಕಡೆಯಿಂದ ದೊಡ್ಡ ಲಾರಿ. ನಿಂತೆ. ಲಾರಿ ಹೋಗ್ಲಿ ಅಂತ ಬಿಟ್ಟೆ. ನಿಧಾನಕ್ಕೆ ಎಡಕ್ಕೆ ತಗೊಂಡೆ…"

ನಮ್ಮ ಸಬ್‌ಡಿವಿಷನ್ನಿನ ಬಾಗಿಲಲ್ಲೂ ಹೂಗಿಡ ನೆಟ್ಟ ದುಂಡು ಕಟ್ಟೆಯೊಂದಿದೆ, ಅದನ್ನು ಬಲಗಡೆಯಿಂದ ಸುತ್ತಬೇಕು. ಆಗ ನನಗೆ ಅದು ಕಾಣಿಸಲೇ ಇಲ್ಲ. ನಾನು ಆ ಊರಿನಲ್ಲಿದ್ದೆ, ಆ ಕಾರಿನಲ್ಲಿದ್ದೆ, ಆ ಮೇಡಂ ಪಕ್ಕದಲ್ಲಿದ್ದೆ.

"ಹ್ಞಾ, ಎಡಕ್ಕೆ, ಎಡಕ್ಕೆ! ಹಾಗೇ ಸುತ್ತು!" ಎನ್ನುತ್ತ ನನ್ನ ಸ್ಟೀರಿಂಗನ್ನೂ ಎಡಕ್ಕೆ ತಿರುಗಿಸಿದೆ.

"ರೀ!" ಎಂದು ನಮ್ಮಾಕೆ ಚೀರಿದಳು.

ಬ್ರೇಕು ತುಳಿದೆ. ನಮ್ಮ ಕಾರಿನ ಮೂತಿಯಿಂದ ಒಂದು ಮಾರು ದೂರದಲ್ಲಿ ಇನ್ನೊಂದು ಮೂತಿ. ಅದರ ನೆತ್ತಿಯ ಮೇಲೆ ಕೆಂಪು ನೀಲಿ ದೀಪ ಹತ್ತಿಕೊಂಡಿತು.

ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕೂತೆ. ವೈಪರ್ ಆಡುತ್ತಲೇ ಇತ್ತು. ಪೊಲೀಸಿನವನು ಇಳಿದ, ಅವಸರವಿಲ್ಲದೆ ನಡೆದು ಬಂದ. ಆರೂವರೆ ಅಡಿ ಆಳು. ಬಗ್ಗಿ ನನ್ನನ್ನು ನೋಡಿದ, ಆಡುವ ವೈಪರ್ ನೋಡಿದ, ಮೋಡವಿಲ್ಲದ ಆಕಾಶ ನೋಡಿದ.

"ಸರ್, ನೀವು ಎಲ್ಲಿದ್ದೀರಿ ಅಂದುಕೊಂಡಿದ್ದೀರಿ?"

ನಮ್ಮಾಕೆಯೇ ಹೇಳಿದಳು:

"ಆಸ್ಟ್ರೇಲಿಯಾ."

ಅವನು ಇನ್ನೇನೋ ಕೇಳುವಷ್ಟರಲ್ಲಿ ಅವಳ ತೊಡೆಯ ಮೇಲಿದ್ದ ಫೋನು ಕೂಗಿತು: "ಅಂಕಲ್! ಕೇಳಿಸ್ತಿದೆಯಾ? ಪಾಸು ಅಂಕಲ್! ನಾಳೆಯಿಂದಲೇ ಕೆಲಸಕ್ಕೆ ಬಾ ಅಂದ್ರು!"

ಮುಂದಿರುವವನು ಪೊಲೀಸು ಅನ್ನುವುದು ಮರೆತೇಹೋಯಿತು. "ಪಾಸಾದಳು ಆಫೀಸರ್, ಪಾಸಾದಳು!" ಎಂದು ಕುಣಿದೆ. ಏನು ಪಾಸು, ಯಾರು ಪಾಸು ಎಂದು ಅವನು ಕೇಳಿದ. ಕೇಳಬಾರದಿತ್ತು. ಕೆಲಸ ಹೋದದ್ದು, ತಟ್ಟೆ, ಜೀಪು, ಕಮಲ, ಎಲ್ಲ ಹೇಳಿದೆ. ನನ್ನ ಲೈಸೆನ್ಸು ಹಿಡಿದುಕೊಂಡು, ಒಮ್ಮೆಯೂ ನಗದೆ, ಪೂರ್ತಿ ಕೇಳಿದ.

"ಅಂದರೆ ಆ ಹುಡುಗಿಗೆ ಡ್ರೈವಿಂಗ್ ಕಲಿಸಿದ್ದು ನೀವು?"

"ಹೌದು ಆಫೀಸರ್." ಎದೆಯುಬ್ಬಿಸಿದೆ.

"ಅವಳು ಪಾಸಾದಳು."

"ಮೊದಲನೇ ಸಲಕ್ಕೇ!"

ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇನೆ ಎಂದು ಲೈಸೆನ್ಸನ್ನು ನನ್ನ ಕೈಗಿಟ್ಟ. ಎರಡು ಹೆಜ್ಜೆ ಹೋದವನು ಮತ್ತೆ ತಿರುಗಿ ಬಂದು ಕಿಟಕಿಗೆ ಬಗ್ಗಿದ.

"ಸರ್, ಆ ಹುಡುಗಿ ಬಿಡುವಾಗಿದ್ದಾಗ ನಿಮಗೂ ಸ್ವಲ್ಪ ಹೇಳಿಕೊಡಲಿ."