ಹೆಂಡತಿಗೆ ಒಂದು ತುತ್ತು ಉಣಿಸಲು ಹೊರಟ ದಿನ

ನಾವಿಬ್ಬರೂ ಸೇರಿ ಎಲ್ಲಿಗಾದರೂ ಹೊರಟರೆ, ಸುಮ್ಮನೆ ಹೋಗಿ ಸುಮ್ಮನೆ ಬಂದದ್ದೇ ಇಲ್ಲ. ಏನಾದರೊಂದು ಆಗಿಯೇ ತೀರುತ್ತದೆ. ಆಮೇಲೆ ಓಣಿಯವರು ಅದನ್ನು ಹೇಳಿಕೊಂಡು ವಾರಗಟ್ಟಲೆ ನಗುತ್ತಾರೆ. ಆದರೆ ಈಗ ಹೇಳುವ ದಿನ ನಾನು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ನನ್ನನ್ನೇ ನೋಡಿ ನಗುತ್ತಾರೆ.

ನಾನು ಹಂಪಿಯಲ್ಲಿ ಗೈಡು. ಜನರನ್ನು ಓಡಿಸುವುದೇ ನನ್ನ ಕಸುಬು. ದೂರದಿಂದ ಬಂದವರಿಗೆ ಅರ್ಧ ದಿನದಲ್ಲಿ ಇಡೀ ಸಾಮ್ರಾಜ್ಯ ತೋರಿಸಿ ಬಸ್ಸು ಹತ್ತಿಸಬೇಕು. "ಬರ್ರಿ, ಬರ್ರಿ, ನೋಡೋದು ಇನ್ನೂ ಭಾಳ ಐತಿ" ಎಂದು ನಾನು ನಿದ್ದೆಯಲ್ಲೂ ಅನ್ನುತ್ತೇನಂತೆ. ನನ್ನ ಹೆಂಡತಿ ಸಂಡೂರಿನವಳು. ಗುಡ್ಡದ ಊರಿನ ಕಾಲು, ಜೊತೆಗೆ ನಡೆದರೆ ನಾನೇ ಹಿಂದೆ ಬೀಳಬೇಕು. ಅಂಥವಳಿಗೆ ಬಳ್ಳಾರಿಯಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಗಾಯ ಮಾಯಿತು, ಹಸಿವು ಮಾತ್ರ ತಿರುಗಿ ಬರಲಿಲ್ಲ. ಏನು ಬಾಯಿಗಿಟ್ಟರೂ "ಮಣ್ಣು ತಿಂದಂಗ ಆಗ್ತೈತಿ" ಎಂದು ತಟ್ಟೆ ಸರಿಸುತ್ತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಮುಂದಿನ ಸಲ ಬರುವಷ್ಟರಲ್ಲಿ ಊಟ ಹಿಡಿಸದಿದ್ದರೆ ಮತ್ತೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಕೆ ಹಾಕಬೇಕಾಗ್ತದೆ. ಔಷಧಿ ವಾಸನೆಯ ಮನೆಯಿಂದ ಒಂದು ದಿನ ಹೊರಗೆ ಕರೆದುಕೊಂಡು ಹೋಗಿ. ಬಯಲು, ಹೊಳೆ, ಗಾಳಿ ನೋಡಲಿ. ಕಂಡಲ್ಲಿ ಒಂದೊಂದು ತುತ್ತು ಕೊಡಿ. ಅವಸರ ಮಾತ್ರ ಮಾಡಬೇಡಿ."

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಮೂಗಿನಲ್ಲಿ ಆ ನಳಿಕೆ ಇತ್ತು. ಅದನ್ನು ಕಂಡಾಗಿನಿಂದ ಯಾರಾದರೂ ಅದರ ಹೆಸರೆತ್ತಿದರೆ ಇವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೂ ಅಷ್ಟೇ ಭಯ. ತಮ್ಮನ ಹಳೆಯ ಕಾರು ಕೇಳಿ ತಂದೆ. ಅವಸರ ಮಾಡುವುದಿಲ್ಲ ಎಂದು ಅವಳ ಮುಂದೆ ಆಣೆ ಮಾಡಿ ಹೊರಟೆ.

ಖಾಲಿ ತಟ್ಟೆ

ಮೊದಲ ತುತ್ತು ಹೊಸಪೇಟೆಯಲ್ಲೇ ಆಗಲಿ ಎಂದು ನಮಗೆ ಪರಿಚಯದ ಮಂಡಕ್ಕಿ ಒಗ್ಗರಣೆಯ ಅಂಗಡಿಗೆ ಹೋದೆವು. ಹೊರಗಿನ ಬೇವಿನ ಮರದ ಕೆಳಗೆ ಬೆಂಚು. ಮದುವೆಯಾದ ಹೊಸದರಲ್ಲಿ ಇದೇ ಅಂಗಡಿಯ ಒಗ್ಗರಣೆಯನ್ನು ನನ್ನ ತಟ್ಟೆಯಿಂದಲೂ ಕಸಿದು ತಿನ್ನುತ್ತಿದ್ದವಳು ಇವಳು.

ಎರಡು ತಟ್ಟೆ ಬಂದವು, ಮೇಲೊಂದೊಂದು ಬಿಸಿ ಮಿರ್ಚಿ ಬಜ್ಜಿ. ಅವಳು ಒಂದು ಕಾಳು ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದಳು. ಅಂಗಡಿಯವರು ಬಾಣಲೆಯ ಹಿಂದಿನಿಂದ ನಮ್ಮನ್ನೇ ನೋಡುತ್ತಿದ್ದರು. ಹಳೆಯ ಗಿರಾಕಿ ತಟ್ಟೆ ಬಿಟ್ಟರೆ ಆ ಮನುಷ್ಯ ನೊಂದುಕೊಳ್ಳುತ್ತಾರೆ, ಏನು ಕಮ್ಮಿ ಆಯ್ತು ಎಂದು ದಿನವಿಡೀ ಕೊರಗುತ್ತಾರೆ. ಅವರು ಅತ್ತ ತಿರುಗಿದಾಗ ತಟ್ಟೆ ಬದಲಿಸಿ ಅವಳದ್ದನ್ನೂ ನಾನೇ ತಿಂದು, ಖಾಲಿ ತಟ್ಟೆಯನ್ನು ಅವಳ ಮುಂದಿಟ್ಟೆ.

ಅವರು ತಿರುಗಿ ನೋಡಿದರು. ಮುಖ ಅರಳಿತು. "ಅಕ್ಕಾರ ಹಸದಾರ, ಪಾಪ!" ಎಂದು ಇನ್ನೊಂದು ತಟ್ಟೆ ತುಂಬಿಸಿ ತಂದಿಟ್ಟರು. ಅದನ್ನೂ ನಾನೇ ಮುಗಿಸಿದೆ. ಮತ್ತೊಂದು ಬಂತು. ಬೆವರು ಇಳಿಯುತ್ತಿತ್ತು, ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು. ಅವಳು ಸೆರಗಿನಿಂದ ಗಾಳಿ ಹಾಕುತ್ತ, "ಡಾಕ್ಟ್ರು ನಿಧಾನಕ್ಕ ತಿನ್ರಿ ಅಂದಾರ" ಎಂದಳು.

ಎದ್ದು ಹೊರಟಾಗ ಅಂಗಡಿಯವರು ನನ್ನ ಕಡೆ ನೋಡಲೇ ಇಲ್ಲ. ಕಡ್ಡಿಯಂಥ ನನ್ನ ಹೆಂಡತಿಗೆ ಕೈಮುಗಿದು, "ದಿನಾ ಬರ್ರಿ ಅಕ್ಕಾ, ನಿಮ್ಮಂಗ ಗಟ್ಟಿಯಾಗಿ ತಿನ್ನೋರು ಈಗ ಎಲ್ಲಿ ಅದಾರ?" ಎಂದರು.

ಕೊಡೆ

ಹಂಪಿಯಲ್ಲಿ ಹೊಳೆಯ ದಂಡೆಗೆ ಹೋದೆವು. ಕಲ್ಲುಗಳ ಬಗ್ಗೆ ಒಂದು ಮಾತೂ ಆಡಬಾರದು ಎನ್ನುವುದು ಅವಳ ಷರತ್ತು. ಒಪ್ಪಿದ್ದೆ. ಬರುವಾಗ ಕಮಲಾಪುರದಲ್ಲಿ ಒಂದು ಚಿಪ್ಪು ಸುಗಂಧಿ ಬಾಳೆಹಣ್ಣು ತೆಗೆದುಕೊಂಡಿದ್ದೆ. ಹಣ್ಣು ಮೆತ್ತಗಿರುತ್ತದೆ, ನೀರು ನೋಡುತ್ತ ಒಂದಾದರೂ ತಿಂದಾಳು ಎಂಬ ಆಸೆ.

ಬಿಸಿಲಿತ್ತು. ನನ್ನ ಕರಿ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು, ಹೆಜ್ಜೆಗೊಂದು ಹೆಜ್ಜೆಯಾಗಿ ನಡೆಯತೊಡಗಿದೆ. ಹಂಪಿಯಲ್ಲಿ ಮೇಲೆತ್ತಿ ಹಿಡಿದ ಕೊಡೆ ಅಂದರೆ ಗೈಡು. ಕೊಡೆ ಎತ್ತ ಹೋಗುತ್ತದೋ ಗುಂಪು ಅತ್ತ ಹೋಗಬೇಕು, ಅದು ನಾವೇ ಕಲಿಸಿದ ಪಾಠ. ಅದು ಆ ಹೊತ್ತಿಗೆ ನನಗೇ ನೆನಪಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಚಪ್ಪಲಿಗಳ ಸದ್ದು ಕೇಳಿ ತಿರುಗಿದರೆ, ಒಂದು ಬಸ್ಸಿನ ಜನ ಸಾಲಾಗಿ ಬರುತ್ತಿದ್ದಾರೆ. ನಾವು ನಿಂತೆವು, ಅವರೂ ನಿಂತರು. ಅವಳು ನೀರಿನ ಕಡೆ ನೋಡಿದಳು, ಅವರೆಲ್ಲ ನೀರಿನ ಕಡೆ ನೋಡಿದರು.

ಒಬ್ಬ ಹಿರಿಯರು ಮುಂದೆ ಬಂದು ಕೇಳಿದರು. "ಇದು ಯಾವ ಕಾಲದ್ದು ಸಾರ್?"

ನನ್ನ ಬಾಯಿ ತುರಿಸಿತು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ತುಟಿ ಕಚ್ಚಿಕೊಂಡು ನಿಂತೆ. ಆಗ ಅವಳೇ ಚೀಲಕ್ಕೆ ಕೈಹಾಕಿದಳು. ಹಣ್ಣು ತೆಗೆದಳು! ಇನ್ನೇನು ಸಿಪ್ಪೆ ಸುಲಿಯುತ್ತಾಳೆ ಎಂದುಕೊಂಡೆ. ಅವಳು ಅದನ್ನು ಆ ಹಿರಿಯರ ಕೈಗಿಟ್ಟು, "ಇವ್ರು ಇವತ್ತು ಮೌನದಾಗ ಅದಾರ್ರಿ. ಹಣ್ಣು ತಗೊಳ್ರಿ" ಎಂದು ಇಡೀ ಚಿಪ್ಪನ್ನು ಹಂಚಿಬಿಟ್ಟಳು. ತಾನು ತಿನ್ನುವ ಗಂಡಾಂತರದಿಂದ ಪಾರಾಗಲು ಅವಳಿಗೆ ಅಷ್ಟು ಜನ ಸಿಕ್ಕಿದ್ದರು.

ಅಷ್ಟರಲ್ಲಿ ಅವರ ನಿಜವಾದ ಗೈಡು ಇನ್ನೊಂದು ಕರಿ ಕೊಡೆ ಹಿಡಿದು ಏದುಸಿರು ಬಿಡುತ್ತ ಓಡಿ ಬಂದ. ನನ್ನ ಗೆಳೆಯನೇ. "ಲೇ, ನನ್ನ ಗುಂಪು ಯಾಕ ಹೊಡ್ಕೊಂಡು ಬಂದಿ? ಬರ್ರಿ, ಬರ್ರಿ, ನೋಡೋದು ಇನ್ನೂ ಭಾಳ ಐತಿ!" ಎಂದು ಕೂಗಿದ. ಯಾರೂ ಕದಲಲಿಲ್ಲ. ಹಿರಿಯರು ಸಿಪ್ಪೆ ಸುಲಿಯುತ್ತ ಅವನಿಗೆ ಹೇಳಿದರು.

"ನೀವು ಹೋಗಿ ಸಾರ್. ಇವರು ಮಾತಾಡುವುದಿಲ್ಲ, ಮೇಲೆ ಹಣ್ಣೂ ಕೊಡುತ್ತಾರೆ."

ಒಣಮೆಣಸಿನಕಾಯಿ

ಮಧ್ಯಾಹ್ನದ ಊಟಕ್ಕೆ ಕಂಪ್ಲಿ ದಾಟಿ ಮೆಟ್ರಿಗೆ ಹೋದೆವು. ಅಲ್ಲಿ ನಮ್ಮ ದೂರದ ಸಂಬಂಧಿಕರ ಮನೆ, ಸುತ್ತಲೂ ಭತ್ತದ ಗದ್ದೆ, ಕಾಲುವೆಯಲ್ಲಿ ನೀರು. ಊಟದ ಬಗ್ಗೆ ಅಲ್ಲಿ ಹೆದರಿಕೆ ಒಂದೇ, ಅವರ ಒತ್ತಾಯ. ಎಲೆಯ ಮೇಲೆ ಬಡಿಸಿದ್ದನ್ನು ಮುಗಿಸುವುದು ಅತಿಥಿಯ ಕೆಲಸವಾದರೆ, ಮುಗಿಯದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಅದಕ್ಕೆ ನಾನು ಬಾಗಿಲಲ್ಲೇ ಮನೆಯೊಡತಿಗೆ ಪಿಸುಗುಟ್ಟಿದೆ. "ಒತ್ತಾಯ ಮಾಡಬ್ಯಾಡ್ರಿ. ಒತ್ತಾಯ ಮಾಡಿದ್ರ ಇಕಿಗೆ ಹೊಟ್ಟಿ ತೊಳಸ್ತೈತಿ."

ಅವರು ಮಾತು ಉಳಿಸಿಕೊಂಡರು. ಯಾರೂ ಒತ್ತಾಯಿಸಲಿಲ್ಲ. ಇಡೀ ಮನೆ ಅವಳ ಸುತ್ತ ಕೂತು, ಒಂದು ಮಾತೂ ಆಡದೆ, ಅವಳ ಬಾಯಿಯನ್ನು ನೋಡತೊಡಗಿತು. ಅನ್ನ, ಪುಂಡಿಪಲ್ಲೆ, ಮೊಸರು ಎಲ್ಲವೂ ಎಲೆಯ ಮೇಲೆ ಹಾಗೇ ಇದ್ದವು. ಅವಳು ಕಲಸಿದ ತುತ್ತನ್ನು ಎತ್ತಿ, ಅಷ್ಟು ಕಣ್ಣುಗಳನ್ನು ಕಂಡು, ಕೆಳಗಿಟ್ಟಳು.

ಮನೆಯ ಅಜ್ಜಿಗೆ ತಡೆಯಲಾಗಲಿಲ್ಲ. "ಇದು ದೃಷ್ಟಿ ನೋಡ್ರಿ. ಈಗ ತೆಗಿತೀನಿ" ಎಂದು ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು, ಅವಳಿಗೆ ನಿವಾಳಿಸಿ, ಒಲೆಗೆ ಹಾಕಿದರು. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುವುದು ನಮ್ಮ ಕಡೆಯ ನಂಬಿಕೆ. ಘಾಟು ಬಂತು. ಹೇಗೆ ಬಂತೆಂದರೆ, ಮನೆಯೊಡೆಯರು ಹಿತ್ತಿಲ ಬಾಗಿಲಿಂದ, ನಾವು ಮುಂಬಾಗಿಲಿಂದ ಓಡಿದೆವು. ಎದುರುಮನೆಯವರೂ ಕೆಮ್ಮುತ್ತ ಬೀದಿಗೆ ಬಂದರು. ಎಲೆಯ ಮೇಲಿನ ಊಟ ಒಳಗೇ ಉಳಿಯಿತು.

ಕೊನೆಯಲ್ಲಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಬಂದರು. ಅವರ ಮುಖದಲ್ಲಿ ನಿರಾಸೆ ಇತ್ತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತೀರ್ಪು ಕೊಟ್ಟರು.

"ಇಕಿಗೆ ದೃಷ್ಟಿ ಗಿಷ್ಟಿ ಏನಿಲ್ಲ. ಇರೋದು ಗಂಡಂದೊಂದೇ ತ್ರಾಸು."

ಕರಡಿಕಲ್ಲು

ಮೆಟ್ರಿ ಬಿಟ್ಟ ಮೇಲೆ ಕಾರನ್ನು ಕಾಲುವೆಯ ಪಕ್ಕ ಒಂದು ಹೊಂಗೆಮರದ ನೆರಳಲ್ಲಿ ನಿಲ್ಲಿಸಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

"ನೀವು ನನ್ನ ಬಾಯಿ ನೋಡೋದು ಬಿಡ್ರಿ. ನಾ ತುತ್ತು ಎತ್ತಿದ್ರ ನಿಮ್ಮ ಬಾಯಿ ತೆರಿತೈತಿ. ನಾ ಇಟ್ರ ನಿಮ್ಮ ಮಾರಿ ಬಾಡ್ತೈತಿ. ಅದನ್ನ ನೋಡಿದ್ರ ಗಂಟ್ಲಾಗ ಏನೂ ಇಳಿಯಂಗಿಲ್ಲ."

"ನಂಗ ಅಂಜಿಕಿ ಆಗ್ತೈತಿ" ಎಂದೆ.

"ನಂಗೇನ್ ಇಲ್ಲೇನು?" ಎಂದಳು. ಅವಳ ಧ್ವನಿ ಒಡೆಯಿತು. ಮನೆಗೆ ತಿರುಗಿಬಿಡೋಣ ಎಂದುಕೊಂಡೆ. ಅವಳೇ, "ಬಂದದ್ದು ಬಂದೀವಿ, ದರೋಜಿಗೆ ಹೋಗಿ ಕರಡಿ ನೋಡೋಣು. ಅದರ ಬಾಯಿ ನೋಡ್ರಿ ನೀವು" ಎಂದಳು.

ದರೋಜಿಯ ಕರಡಿಧಾಮದಲ್ಲಿ ಒಂದು ವೀಕ್ಷಣಾ ಗೋಪುರವಿದೆ. ಎದುರಿಗೆ ಕರಡಿಕಲ್ಲು ಎಂಬ ಬಂಡೆಗಳ ಗುಡ್ಡ. ಮಧ್ಯಾಹ್ನ ಕಾವಲುಗಾರರು ಆ ಬಂಡೆಗಳಿಗೆ ಜೋನಿಬೆಲ್ಲ ಬಳಿದು ಬರುತ್ತಾರೆ. ಬಿಸಿಲು ಇಳಿದ ಮೇಲೆ ಕರಡಿಗಳು ಗುಹೆಯಿಂದ ಹೊರಬಂದು ಅದನ್ನು ನೆಕ್ಕುತ್ತವೆ. ಮೇಲೆ ನಿಂತವರು ಉಸಿರು ಬಿಗಿಹಿಡಿದು ನೋಡಬೇಕು. ಸದ್ದಾದರೆ ಕರಡಿ ಹೋಯಿತು, ಮತ್ತೆ ಬಾರದು.

ನಾವು ಹೋದಾಗ ಗೋಪುರದ ಮೇಲೆ ಜನ ಕಾಯುತ್ತಿದ್ದರು. ದೊಡ್ಡ ಕ್ಯಾಮೆರಾದವರೊಬ್ಬರು ಬೆಳಿಗ್ಗೆಯಿಂದ ಬಂದು ಕೂತವರಂತೆ ಕಾಣುತ್ತಿದ್ದರು. ನನ್ನ ಹೆಂಡತಿ ಹಿಂದಿನ ಮೆಟ್ಟಿಲ ಮೇಲೆ ಕೂತಳು. ಅವಳ ಪಕ್ಕದಲ್ಲಿ ವಡ್ಡು ಊರಿನ ಒಬ್ಬ ಹೆಂಗಸು ಬುತ್ತಿ ಡಬ್ಬಿ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಯಾರೋ "ಬಂತು" ಎಂದು ಉಸುರಿದರು. ಆ ಹೆಂಗಸು, "ಸ್ವಲ್ಪ ಹಿಡೀರಿ ಅಕ್ಕಾ" ಎಂದು ಬಿಚ್ಚಿದ ಡಬ್ಬಿಯನ್ನು ಇವಳ ಕೈಗೆ ಕೊಟ್ಟು ಮುಂದೆ ಬಂದರು.

ಬಂಡೆಗಳ ನಡುವೆ ಕಪ್ಪು ಕದಲಿತು. ತಾಯಿ ಕರಡಿ. ಬೆನ್ನಮೇಲೆ ಮರಿ ಕೂತಿತ್ತು. ಪಕ್ಕದವರು ನನಗೆ ಬೈನಾಕ್ಯುಲರ್ ಕೊಟ್ಟರು. ತಾಯಿ ಕರಡಿ ಬಂಡೆಗೆ ಮೂತಿ ಹಚ್ಚಿ, ಸುತ್ತಲಿನ ಯಾವ ಚಿಂತೆಯೂ ಇಲ್ಲದೆ ಬೆಲ್ಲ ನೆಕ್ಕುತ್ತಿತ್ತು. ನೋಡುತ್ತ ನೋಡುತ್ತ, ಇಷ್ಟು ಸುಲಭದ ಕೆಲಸ ನನ್ನ ಹೆಂಡತಿಗೆ ಯಾಕೆ ಇಷ್ಟು ಕಷ್ಟ ಮಾಡಿದೆ ದೇವರೇ ಎಂದು ಮನಸ್ಸಿನಲ್ಲೇ ಕೇಳಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಗೊತ್ತಿಲ್ಲ.

ಆ ನಿಶ್ಶಬ್ದದಲ್ಲಿ ಹಿಂದಿನಿಂದ ಒಂದು ಸದ್ದು ಬಂತು. ಕರ್, ಕರ್. ಸ್ಟೀಲಿನ ಮೇಲೆ ಉಗುರು ಉಜ್ಜುವ ಸದ್ದು. ಕ್ಯಾಮೆರಾದವರು ಹಲ್ಲು ಕಡಿದರು. ನನಗೂ ಸಿಟ್ಟು ಬಂತು, ಎಷ್ಟಾದರೂ ಗೈಡು ನಾನು. "ಯಾರ್ರೀ ಅದು, ಸ್ವಲ್ಪ ಸುಮ್ನ ಕುಂದ್ರಿ" ಎಂದು ಪಿಸುಗುಟ್ಟುತ್ತ ತಿರುಗಿದೆ.

ನನ್ನ ಹೆಂಡತಿ ಡಬ್ಬಿಯ ತಳ ಕೆರೆಯುತ್ತಿದ್ದಳು. ಕೊನೆಯ ಶೇಂಗಾಕಾಳು ಬೆರಳಿಗೆ ಸಿಗದೆ ಓಡುತ್ತಿತ್ತು, ಅದನ್ನು ಮೂಲೆಗೆ ಒತ್ತಿ ಹಿಡಿದು ಬಾಯಿಗೆ ಹಾಕಿಕೊಂಡಳು. ಕಾಲಬಳಿ ಅರ್ಧ ಹಿಂಡಿದ ನಿಂಬೆಹೋಳು. ಡಬ್ಬಿಯಲ್ಲಿ ಚಿತ್ರಾನ್ನವಿತ್ತು ಎನ್ನುವುದಕ್ಕೆ ಅವಳ ಬೆರಳಿನ ಅರಿಶಿನವೊಂದೇ ಸಾಕ್ಷಿ.

"ಉಂಡ್ಳು!" ಎಂದು ಕೂಗಿದೆ. ಕೂಗಿದ್ದು ನಾನೇ ಎಂದು ನನಗೆ ಆಮೇಲೆ ತಿಳಿಯಿತು. "ನನ್ನ ಹೆಂಡ್ತಿ ಉಂಡ್ಳು, ಪೂರ್ತಿ ಡಬ್ಬಿ ಉಂಡ್ಳು!"

ಗುಡ್ಡವೆಲ್ಲ ಪ್ರತಿಧ್ವನಿಸಿತು. ಕರಡಿ ಮರಿ ಹೊತ್ತು ಬಂಡೆಗಳಲ್ಲಿ ಮಾಯವಾಯಿತು. ಗೋಪುರದ ಮೇಲಿದ್ದವರೆಲ್ಲ ನನ್ನತ್ತ ತಿರುಗಿದರು. ಆ ಕಣ್ಣುಗಳನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಕ್ಯಾಮೆರಾದವರು, "ಏನ್ರೀ, ನಿಮ್ಮ ಹೆಂಡ್ತಿ ಊಟ ಮಾಡಿದ್ರೆ ಊರಿಗೆಲ್ಲ ಸಾರ್ತೀರೇನ್ರೀ?" ಎಂದು ನನ್ನ ಮೇಲೆ ಏರಿ ಬಂದರು. ಹೌದು ಎಂದೆ. ಸಾರುತ್ತೇನೆ ಎಂದೆ. ಆಪರೇಷನ್ನು, ನಳಿಕೆ, ಬೆಳಗಿನಿಂದ ಅಲೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತ ಅಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಯಾರೂ ಬೈಯಲಿಲ್ಲ. ಕ್ಯಾಮೆರಾದವರೇ ನನಗೆ ನೀರಿನ ಬಾಟಲಿ ಕೊಟ್ಟರು.

ಹೆಂಡತಿ ಎದ್ದು, ನಾಚಿಕೆಯಿಂದ ಖಾಲಿ ಡಬ್ಬಿಯನ್ನು ವಡ್ಡುವಿನ ಹೆಂಗಸಿನ ಕೈಗೆ ಕೊಟ್ಟಳು. "ತಪ್ಪು ತಿಳ್ಕೋಬ್ಯಾಡ್ರಿ. ಯಾರೂ ನನ್ನ ನೋಡ್ತಿರ್ಲಿಲ್ಲ. ವಾಸನಿ ಬಂತು. ಒಂದು ತುತ್ತು ಅಂತ ತಗೊಂಡೆ, ಆಮ್ಯಾಲ ನಿಲ್ಲಲಿಲ್ಲ."

ಆ ತಾಯಿ ಅವಳ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು. "ಇರ್ಲಿ ಬಿಡವ್ವಾ. ರುಚಿ ಆಗಿತ್ತಿಲ್ಲೋ?"

ನನ್ನ ಹೆಂಡತಿ ನಾಲಿಗೆಯಿಂದ ತುಟಿ ಸವರಿ, ಗಂಭೀರವಾಗಿ ಯೋಚಿಸಿದಳು. ಕರಡಿಯನ್ನು ಕಳೆದುಕೊಂಡ ಅಷ್ಟೂ ಜನ ಈಗ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದರು.

"ಉಪ್ಪು ಒಂಚೂರು ಕಮ್ಮಿ ಆಗೇತ್ರಿ" ಎಂದಳು.

ಸಕ್ಕರೆಗೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯದೆ ಇಷ್ಟು ದಿನ ಕಳೆದವಳು! ನಾನು ಎದ್ದು ಎಲ್ಲರ ಎದುರೇ ಅವಳನ್ನು ತಬ್ಬಿಕೊಂಡೆ. ವಡ್ಡುವಿನ ಹೆಂಗಸಿನ ಮುಖದಿಂದ ಮಾತ್ರ ಅಳು ಆ ಕ್ಷಣಕ್ಕೇ ಇಂಗಿಹೋಯಿತು. ತಾವು ಮಾಡಿದ ಅಡುಗೆಗೆ ಉಪ್ಪು ಕಮ್ಮಿಯೇ? ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದರು, ಬಗ್ಗಿಸಿದರು, ತಳಕ್ಕೆ ಬೆರಳಾಡಿಸಿದರು, ಕೊನೆಗೆ ಸೋತು ಹೇಳಿದರು.

"ಖರೇನೋ ಸುಳ್ಳೋ ನೋಡೋಣಂದ್ರ, ಒಂದು ಅಗುಳೂ ಬಿಟ್ಟಿಲ್ಲಲ್ಲ ತಾಯೀ!"