ಅಕ್ಕಿಕಾಳಿಗೆ ಬಂದ ಅಜ್ಜ

ಹಾಲೇಶ ಪೆನ್‌ಡ್ರೈವಿಗೆ ಹಾಡು ತುಂಬಿಕೊಂಡದ್ದೇ ಇಷ್ಟಕ್ಕೆಲ್ಲ ಕಾರಣ.

ಬಾಳೇಶ ಬನಹಟ್ಟಿಯಲ್ಲಿ ಮದುವೆಗಳ ವಿಡಿಯೋ ತೆಗೆದು, ಕತ್ತರಿಸಿ, ಜೋಡಿಸಿ ಕೊಡುವವನು. ಅವನು ಚಹಾಕ್ಕೆ ಹೋಗಿದ್ದಾಗ ಪಕ್ಕದ ಮಗ್ಗದ ಹಾಲೇಶ ಒಳಬಂದು, ಗಣಕದಿಂದ ವಿಡಿಯೋಗಳಿದ್ದ ಹಾರ್ಡ್‌ಡಿಸ್ಕ್ ಕಿತ್ತು, ಅಲ್ಲಿ ತನ್ನ ಪೆನ್‌ಡ್ರೈವ್ ಚುಚ್ಚಿ ಹಾಡು ತುಂಬಿಕೊಂಡು, ಹಾರ್ಡ್‌ಡಿಸ್ಕನ್ನು ಬೇರೆ ತೂತಿಗೆ ಸಿಕ್ಕಿಸಿ ಹೋಗಿದ್ದ. ಬಾಳೇಶ ಮರಳಿ ಬಂದು ನೋಡಿದರೆ ಇಡೀ ಮದುವೆ ಕೆಂಪಾಗಿತ್ತು. ಮದುಮಗಳಿದ್ದಲ್ಲಿ ಕೆಂಪು, ತಾಳಿ ಕಟ್ಟುವಲ್ಲಿ ಕೆಂಪು. ಎಲ್ಲದರ ಮೇಲೂ ಒಂದೇ ಬರಹ: ಮೀಡಿಯಾ ಆಫ್‌ಲೈನ್. ಅಂದರೆ ಫೈಲು ಇದ್ದಲ್ಲಿ ಇಲ್ಲ.

ಮದುವೆ ಲಗಮಣ್ಣನ ಮಗಳದು. ಬಾಳೇಶ ಬಾಡಿಗೆಗೆ ಕೂತಿದ್ದ ಖೋಲಿಯೂ ಲಗಮಣ್ಣನದೇ.

“ನಾಕಕ್ಕ ವಿಡಿಯೋ ಮುಧೋಳದಾಗ ಬೀಗರ ಮನ್ಯಾಗ ಇರಬೇಕು. ಇಲ್ಲಂದ್ರ ನಾಳಿ ಈ ಖೋಲ್ಯಾಗ ಎರಡು ಮಗ್ಗ ಕೂಡಸ್ತೀನಿ” ಎಂದು ಅವನು ಬೆಳಿಗ್ಗೆಯೇ ಹೇಳಿಹೋಗಿದ್ದ. ಈಗ ಹನ್ನೆರಡು ಹೊಡೆದಿತ್ತು.

ಕಳೆದುಹೋದ ಫೈಲುಗಳನ್ನು ನೀನೇ ಹುಡುಕು ಎಂದು ಬಾಳೇಶ ಸಾಫ್ಟ್‌ವೇರಿಗೆ ಒಪ್ಪಿಸಿದ. ಅದು ಕುಲ ಗೋತ್ರ ಕೇಳದೆ ಹೆಸರೊಂದನ್ನೇ ನೋಡಿ ಗಂಟು ಹಾಕುವ ದಲ್ಲಾಳಿಯ ಹಾಗೆ ಸರಸರ ಜೋಡಿಸಿತು. ಕೆಂಪೆಲ್ಲ ಮಾಯವಾಯಿತು. ಬಾಳೇಶ ನಿಟ್ಟುಸಿರುಬಿಟ್ಟು ಗುಂಡಿ ಒತ್ತಿದ.

ಶಹನಾಯಿ ನುಡಿಯಿತು. ಮದುಮಗಳು ತಲೆ ತಗ್ಗಿಸಿದಳು. ಅಕ್ಷತೆಯ ಅಕ್ಕಿಕಾಳು ಬಿದ್ದವು. ಬಿದ್ದದ್ದು ಮಾತ್ರ ಮಹಾಲಿಂಗಪ್ಪಜ್ಜನ ಮೇಲೆ.

ಮಹಾಲಿಂಗಪ್ಪ ಲಗಮಣ್ಣನ ಅಪ್ಪ. ತೀರಿಕೊಂಡು ವರ್ಷವಾಗಿತ್ತು. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ರುಮಾಲು ಸುತ್ತಿ, ವಿಭೂತಿ ಬಳಿದು, ಹಾರ ಹಾಕಿ ನೆಟ್ಟಗೆ ಕೂರಿಸಿ, ಮಣ್ಣು ಮಾಡಲು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಆ ಮೆರವಣಿಗೆಯನ್ನೂ ಬಾಳೇಶನೇ ತೆಗೆದಿದ್ದ, ಅದೇ ಕ್ಯಾಮೆರಾದಲ್ಲಿ. ಕ್ಯಾಮೆರಾ ಪ್ರತಿ ಸಲವೂ ಒಂದರಿಂದ ಎಣಿಸುತ್ತದೆ. ಮದುವೆಯ ಹದಿನಾಲ್ಕನೆಯ ಫೈಲಿಗೂ ಮಣ್ಣಿನ ಹದಿನಾಲ್ಕನೆಯ ಫೈಲಿಗೂ ಹೆಸರು ಒಂದೇ.

ಮದುಮಗನ ಸುತ್ತ ಹಾರಿಸಲೆಂದು ಹಾಕಿದ್ದ ಗುಲಾಬಿ ಹೃದಯಗಳು ಈಗ ಅಜ್ಜನ ಮುಚ್ಚಿದ ಕಣ್ಣುಗಳ ಸುತ್ತ ಮೆಲ್ಲಗೆ ತೇಲುತ್ತಿದ್ದವು.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಬ್ಯಾಟರಿಯ ಮೇಲಿದ್ದ ಗಣಕದಲ್ಲಿ ಶಹನಾಯಿ ಮಾತ್ರ ನಡೆದೇ ಇತ್ತು. ಮಗ್ಗ ನಿಂತದ್ದರಿಂದ ಹಾಲೇಶ ಹೊರಬಂದು ಬಾಗಿಲಲ್ಲಿ ಇಣುಕಿದ.

“ಅಜ್ಜ ಬಂದಿದ್ದನೇನಲೇ ಮದವಿಗಿ? ನನಗ ಕಾಣಸಲೇ ಇಲ್ಲ.”

“ನಿನ್ನ ಪೆನ್‌ಡ್ರೈವ್ ಕರಕೊಂಡು ಬಂದೈತಿ. ಬಾಯಿ ಮುಚ್ಚು.”

ಹಾಲೇಶನ ಬಾಯಿ ಮುಚ್ಚುವುದೂ ಬನಹಟ್ಟಿಯ ಸುದ್ದಿ ನಿಲ್ಲುವುದೂ ಎಂದೂ ಆಗಿದ್ದಿಲ್ಲ. ಅರ್ಧ ಗಂಟೆಯಲ್ಲಿ ಓಣಿ ನೆರೆಯಿತು. ಒಬ್ಬ ಲಿಂಬೆಹಣ್ಣು ತಂದ. ಇನ್ನೊಬ್ಬ ಗಣಕವನ್ನು ಬಡಗಣದಿಂದ ಮೂಡಣಕ್ಕೆ ತಿರುಗಿಸಿದ. ಕಡೆಗೆ ಲಗಮಣ್ಣನೇ ಬಂದ. ಹಿಂದೆ ಅವನ ತಾಯಿ ಹೊಳೆವ್ವ.

ಲಗಮಣ್ಣ ಪರದೆ ನೋಡಿ ಕಪ್ಪಾದ. “ನಮ್ಮಪ್ಪನ ಮಣ್ಣು ನಿನಗ ಚ್ಯಾಷ್ಟಿ ಆತೇನು?”

“ಫೈಲಿನ ಹೆಸರು ಒಂದ ಆಗ್ಯಾವರಿ ಅಣ್ಣಾರ. ಕೈಲೆ ಒಂದೊಂದ ಹಚ್ಚತೀನಿ. ಒಂದು ತಾಸು ಕೊಡ್ರಿ.”

ಹೊಳೆವ್ವ ಪರದೆಯಿಂದ ಕಣ್ಣು ಕೀಳದೆ ಅಂದಳು: “ಮದವ್ಯಾಗ ನನ್ನ ಬಾಜೂಕಿನ ಕುರ್ಚಿ ಅವನ ಸಲವಾಗಿ ಖಾಲಿ ಇಟ್ಟಿದ್ದೆ. ಯಾರನ್ನೂ ಕೂಡಗೊಡಲಿಲ್ಲ.”

ಕರೆಂಟು ಬಂದದ್ದೇ ಬಾಳೇಶ ಮಣ್ಣಿನ ಫೋಲ್ಡರನ್ನೇ ಹಾರ್ಡ್‌ಡಿಸ್ಕಿನಿಂದ ತೆಗೆದು ಬೇರೆಡೆ ಇಟ್ಟ. ಮದುವೆಯ ಫೈಲುಗಳನ್ನು ದಿನಾಂಕ ನೋಡಿ ಒಂದೊಂದೇ ಹಚ್ಚಿದ. ಮದುಮಗ ಮರಳಿದ, ತಾಳಿ ಮರಳಿತು. ಮೂರು ಗಂಟೆಗೆ ಎಲ್ಲರನ್ನೂ ಕರೆದು ತೋರಿಸಿದ. ಅಜ್ಜ ಎಲ್ಲಿಯೂ ಇರಲಿಲ್ಲ.

ಕೊನೆಯ ದೃಶ್ಯ ಬಂತು. ಅಕ್ಕಿಕಾಳಿನ ಹೊತ್ತು. ಮೊದಲ ಸಾಲಿನಲ್ಲಿ ಹೊಳೆವ್ವ. ಅವಳ ಪಕ್ಕದ ಕುರ್ಚಿಯಲ್ಲಿ ಅಜ್ಜ.

ಈ ಸಲ ಕಣ್ಣು ತೆರೆದಿದ್ದವು. ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಎಲ್ಲರಂತೆ ಕಾಯುತ್ತಿದ್ದ.

ಬಾಳೇಶ ದಿನಾಂಕ ನೋಡಿದ. ಮದುವೆಯದೇ. ಫೋಲ್ಡರ್ ನೋಡಿದ. ಮದುವೆಯದೇ. ಫೈಲನ್ನು ಕಿತ್ತು ಮತ್ತೆ ಹಚ್ಚಿದ. ಅಜ್ಜ ಅಕ್ಕಿಕಾಳು ಎಸೆದು ಕೈ ಒರೆಸಿಕೊಂಡ.

ಲಗಮಣ್ಣ ಚಪ್ಪಲಿ ಬಿಟ್ಟ. ಗಣಕಕ್ಕೆ ಹಣೆ ಹಚ್ಚಿ ನಮಸ್ಕರಿಸಿದ.

“ಬಾಳೇಶ, ಇಲ್ಲಿ ಮಗ್ಗ ಕೂಡಸೂದಿಲ್ಲ.”

ಬಾಳೇಶನಿಗೆ ಹೋದ ಜೀವ ಬಂತು.

“ಇನ್ನ ಇದು ಅಪ್ಪನ ಗದ್ದಿಗಿ. ಬೀಗರನ್ನೂ ಇಲ್ಲಿಗೇ ಕರಸ್ತೀನಿ.”

“ಅಣ್ಣಾರ, ನನ್ನ ಗಣಕ, ಕ್ಯಾಮೆರಾ ಎಲ್ಲಾ ಒಳಗ ಅದಾವರಿ.”

“ಅಪ್ಪ ಇರೂದ ಅದರಾಗ. ಹ್ಯಾಂಗ ಕೊಡ್ಲಿ?”

ಐದಕ್ಕೆ ಹೊಸ್ತಿಲಿಗೆ ಕುಂಕುಮ ಬಿತ್ತು, ಪರದೆಗೆ ಹಾರ ಬಿತ್ತು. ಹಾಲೇಶ ತನ್ನ ಪೆನ್‌ಡ್ರೈವಿನಿಂದ ಭಜನೆ ಹಚ್ಚಿದ. ಬಾಳೇಶ ಎದುರಿನ ಕಟ್ಟೆಯ ಮೇಲೆ, ಕೈಯಲ್ಲಿ ಬರೀ ಮೌಸ್ ಹಿಡಿದು ಕೂತಿದ್ದ.

ಎಲ್ಲರೂ ಹೋದ ಮೇಲೆ ಹೊಳೆವ್ವ ಹೊರಬಂದಳು. ಲಗಮಣ್ಣ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ನಡೆದ. ಅವನು ತಿರುವಿನಲ್ಲಿ ಮರೆಯಾಗುವವರೆಗೆ ಕಾದು ಮುದುಕಿ ಬಾಳೇಶನ ಬಳಿ ಬಂದಳು.

“ಇವಂಗ ಹೇಳಬ್ಯಾಡ ತಮ್ಮಾ. ಈಗ ನೋಡಿ ಬಂದೆ, ವಿಡಿಯೋದಾಗ ಕುರ್ಚಿ ಖಾಲಿ ಐತಿ.”

“ಮತ್ತ ಅಜ್ಜ?”

“ಅಕ್ಕಿಕಾಳು ಬಿದ್ದ ಮ್ಯಾಲೆ ಯಾರ ಕೂಡ್ತಾರೋ? ಊಟಕ್ಕ ಹೋಗ್ಯಾನ.”