ಮೈನಸ್ ಮೇಡಂ

ಹೊಗಳಲು ಹೋಗಿ ಹೊಗೆ ಹಾಕಿಸಿಕೊಂಡವರು ನಮ್ಮ ಕಂಪ್ಯೂಟರ್ ಮೇಷ್ಟ್ರು.

ಆ ದಿನ ಅವರ ಪಾಠ ನೋಡಲು ಪ್ರಿನ್ಸಿಪಾಲ್ ಮೇಡಂ ಖುದ್ದಾಗಿ ಬರುವವರಿದ್ದರು. ಪಾಠ ಮೆಚ್ಚಿಗೆಯಾದರೆ ನೌಕರಿ ಕಾಯಂ. ಇಲ್ಲದಿದ್ದರೆ ಹೆಸರಿನ ಹಿಂದೆ ‘ತಾತ್ಕಾಲಿಕ’ ಎಂಬ ಬಾಲ ಇನ್ನೊಂದು ವರ್ಷ.

ಮನೆ ಕಟ್ಟುವ ಮೊದಲು ನಕ್ಷೆ ಬರೆಯುವಂತೆ, ಪ್ರೋಗ್ರಾಂ ಬರೆಯುವ ಮೊದಲು ಅದರ ನಕ್ಷೆ ಬರೆಯುವ ಒಂದು ಟೂಲ್ ಇದೆ. ಒಂದೊಂದು ವಸ್ತುವಿಗೂ ವ್ಯಕ್ತಿಗೂ ಒಂದು ಚೌಕ, ಚೌಕದೊಳಗೆ ಅದರ ಗುಣಗಳು. ಉದಾಹರಣೆಗೆ ಮೇಡಂ ಅವರನ್ನೇ ಕೂರಿಸಿದರೆ ಪಾಠವೂ ಆಯಿತು, ಬೆಣ್ಣೆ ಹಚ್ಚಿದಂತೆಯೂ ಆಯಿತು ಎಂದುಕೊಂಡು ಮೇಷ್ಟ್ರು ಬರೆದರು:

ಪ್ರಿನ್ಸಿಪಾಲ್
− ಜ್ಞಾನ
− ಕರುಣೆ
+ ಧ್ವನಿ

ಪ್ರಿಂಟರ್ ಇದ್ದದ್ದು ಆಫೀಸಿನಲ್ಲಿ. ಮೇಷ್ಟ್ರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಕಾಗದ ಗುಮಾಸ್ತರ ಕೈ ದಾಟಿ ಸ್ಟಾಫ್ ರೂಮ್ ಸೇರಿತ್ತು. ಲೈಬ್ರರಿಯವರು ಎದ್ದು ಬಂದು ಕೈ ಕುಲುಕಿದರು.

“ನಾವೆಲ್ಲ ಮನಸ್ಸಲ್ಲೇ ಅಂದ್ಕೊಳ್ಳೋದನ್ನ ನೀವು ಪ್ರಿಂಟೇ ಹಾಕಿಸಿಬಿಟ್ರಲ್ಲ ಸಾರ್. ಬೇರೆ ಕೆಲಸ ಸಿಕ್ತಾ?”

ಅದು ಹಾಗಲ್ಲ ಎಂದು ಮೇಷ್ಟ್ರು ಬಿಡಿಸಿ ಹೇಳುವ ಮೊದಲೇ ಲೈಬ್ರರಿಯವರು ಕನಿಕರದಿಂದ ಪೆನ್ನು ತೆಗೆದು, ಜ್ಞಾನದ ಮೈನಸ್ಸಿಗೆ ಒಂದು ಉದ್ದಗೆರೆ ಎಳೆದು ಪ್ಲಸ್ ಮಾಡಿದರು. ಕರುಣೆಗೆ ಕೈ ಹಾಕುವಷ್ಟರಲ್ಲಿ ಮೇಡಂ ಅವರೇ ಬಾಗಿಲಲ್ಲಿ ನಿಂತಿದ್ದರು. ಗುಮಾಸ್ತರು ಅಲ್ಲಿಗೂ ಸುದ್ದಿ ಮುಟ್ಟಿಸಿದ್ದರು.

ಮೇಡಂ ಕಾಗದ ಇಸಿದುಕೊಂಡು ನೋಡಿದರು. “ಜ್ಞಾನ ಈಗಷ್ಟೇ ಪೆನ್ನಲ್ಲಿ ಬಂದ ಹಾಗಿದೆ. ಕರುಣೆ ಬರ್ಲೇ ಇಲ್ವಾ ಮೇಷ್ಟ್ರೇ?”

ಮೇಷ್ಟ್ರು ಕರುಣೆಯ ಮೈನಸ್ಸಿನ ಮೇಲೆ ಬೆರಳಿಟ್ಟರು. “ಈ ಟೂಲ್‌ನಲ್ಲಿ ಮೈನಸ್ ಅಂದ್ರೆ ಇಲ್ಲ ಅಂತಲ್ಲ ಮೇಡಂ. ಒಳಗಿದೆ, ಹೊರಗಿನವರಿಗೆ ಕಾಣಲ್ಲ ಅಂತ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹಾಗೆ. ಪ್ಲಸ್ ಅಂದ್ರೆ ಎಲ್ಲರಿಗೂ ಸಿಗೋದು.”

“ಧ್ವನಿ?”

“ಅದು ಗೇಟಿನವರೆಗೂ ಸಿಗುತ್ತೆ ಮೇಡಂ.”

ಮೇಡಂ ನಕ್ಕರು. ಅವರು ನಕ್ಕದ್ದನ್ನು ಸ್ಟಾಫ್ ರೂಮು ಅಂದೇ ಮೊದಲು ಕಂಡದ್ದು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪಾಠವೂ ಸರಾಗವಾಗಿ ನಡೆಯಿತು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೂ ಕೇಳಿದರು. ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಮಕ್ಕಳೆದುರೇ ಹೊಗಳಿ, ತಾವೂ ಒಂದು ಚೌಕ ಬರೆದು ನೋಡುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೇಲೆ ಒಂದೊಂದೇ ಸಾಲು ಮೂಡಿತು:

ಕಂಪ್ಯೂಟರ್ ಮೇಷ್ಟ್ರು
+ ಪಾಠ
+ ಪರೀಕ್ಷೆ ಕೆಲಸ
+ ಟೈಮ್‌ಟೇಬಲ್ ಕೆಲಸ
− ಕಾಯಂ ನೌಕರಿ

ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. “ಮೇಡಂ, ನೌಕರಿ ಮೈನಸ್ ಆಯ್ತಲ್ಲ?”

“ಇಲ್ಲ ಅಂತಲ್ಲ ಮೇಷ್ಟ್ರೇ,” ಎಂದರು ಮೇಡಂ, ಗೇಟಿನವರೆಗೂ ಕೇಳುವಂತೆ. “ಒಳಗಿದೆ. ಹೊರಗೆ ಕಾಣಲ್ಲ, ಅಷ್ಟೆ.”